ಫಾರಂನಲ್ಲಿ ‘ಇಲ್ಲ’ ಎಂದು ಟಿಕ್ ಹಾಕಿದ್ದಕ್ಕೆ ಏಳು ಸಲ ಸೂಜಿ ಚುಚ್ಚಿಸಿಕೊಂಡ ಕಥೆ

ಕಳೆದ ಶನಿವಾರ ನನ್ನ ಹರ್ನಿಯಾ ಆಪರೇಷನ್ ಮುಗಿಯಿತು. ಮುಕ್ಕಾಲು ಗಂಟೆಯ ಕೆಲಸ. ಅಲ್ಲಿಗೆ ತಲುಪಲು ನನಗೆ ಹಿಡಿದದ್ದು ಹದಿನೈದು ವಾರ. ಅದರಲ್ಲಿ ಐದಾರು ವಾರ ಹಾಳಾದದ್ದು ಒಂದೇ ಒಂದು ತಪ್ಪು ಟಿಕ್‌ನಿಂದ. ಈಗ ಮಂಚದ ಮೇಲೆ ಕಾಲು ಚಾಚಿ ಕೂತಿದ್ದೇನೆ, ಬೇರೆ ಕೆಲಸವಿಲ್ಲ. ರಕ್ತದ ರಿಪೋರ್ಟ್‌ನಲ್ಲಿ ಬಿಳಿ ರಕ್ತಕಣ ಜಾಸ್ತಿ ಬಂದು ನಿದ್ದೆಗೆಟ್ಟ ಸಿಗರೇಟ್ ಸೇದುವವರು ಯಾರಾದರೂ ಇದ್ದರೆ, ಅವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನನಗೆ ನಲವತ್ತಾರು ವರ್ಷ. ಇಪ್ಪತ್ತೆರಡು ವರ್ಷದಿಂದ ಸೇದುತ್ತಿದ್ದೆ. ದಿನಕ್ಕೆ ಹದಿನೈದು, ಕೆಲಸದ ಒತ್ತಡ ಇದ್ದ ದಿನ ಇಪ್ಪತ್ತು. ಹೆಂಡತಿಗೆ ಮಾತ್ರ ಮೂರು ವರ್ಷದ ಹಿಂದೆಯೇ ಬಿಟ್ಟೆ ಎಂದು ಹೇಳಿದ್ದೆ. ಅವಳು ನಂಬಿದ್ದಳೋ, ನಂಬಿದಂತೆ ಇದ್ದಳೋ, ನನಗೆ ಗೊತ್ತಿರಲಿಲ್ಲ.

ಆಪರೇಷನ್‌ಗೆ ಮುಂಚೆ ಒಂದು ಫಾರಂ ತುಂಬಿಸುತ್ತಾರೆ. ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಇದೆಯೇ, ಯಾವ ಮಾತ್ರೆಗೆ ಅಲರ್ಜಿ, ಹೀಗೆ. ನಡುವೆ ಒಂದು ಸಾಲು: ಧೂಮಪಾನ, ಹೌದು ಅಥವಾ ಇಲ್ಲ. ಹೆಂಡತಿ ಪಕ್ಕದಲ್ಲೇ ಕೂತು ಫಾರಂ ನೋಡುತ್ತಿದ್ದಳು. ನಾನು ‘ಇಲ್ಲ’ ಎಂಬಲ್ಲಿ ಟಿಕ್ ಹಾಕಿದೆ. ಪೆನ್ನು ಒಂದು ಕ್ಷಣವೂ ತಡೆಯಲಿಲ್ಲ. ಅಭ್ಯಾಸ ಅಂದರೆ ಅದು.

ಅವತ್ತು ತೆಗೆದ ರಕ್ತದ ರಿಪೋರ್ಟ್ ಸಂಜೆ ಬಂತು. ಇದಕ್ಕೆ ಸಿಬಿಸಿ ಅಂತಾರೆ, ರಕ್ತಕಣಗಳ ಎಣಿಕೆ. ಬಿಳಿ ರಕ್ತಕಣ 13,800. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 11,000 ಇರಬೇಕು. ಅದರಲ್ಲೂ ಏರಿದ್ದು ಮುಖ್ಯವಾಗಿ ನ್ಯೂಟ್ರೋಫಿಲ್ ಎಂಬ ಜಾತಿಯ ಕಣ, ಅಂದರೆ ಸೋಂಕು ಬಂದ ಕಡೆಗೆ ಮೊದಲು ಓಡುವ ಕಣ. ಹಿಮೋಗ್ಲೋಬಿನ್, ಅಂದರೆ ಕೆಂಪು ರಕ್ತಕಣದೊಳಗೆ ಆಮ್ಲಜನಕ ಹೊರುವ ವಸ್ತು, 17.4. ಹಿಮೋಗ್ಲೋಬಿನ್ ನೋಡಿ ನಾನು ಖುಷಿಪಟ್ಟೆ. ರಕ್ತ ಚೆನ್ನಾಗಿದೆ ಅಂದುಕೊಂಡೆ. ಎಂಥ ಮಂಕು ನೋಡಿ.

ಸರ್ಜನ್ ಮುಖ ಗಂಟಿಕ್ಕಿದರು. ಎಲ್ಲೋ ಸೋಂಕು ಇರಬಹುದು, ಅದನ್ನು ಇಟ್ಟುಕೊಂಡು ಜಾಲರಿ ಹಾಕುವ ಆಪರೇಷನ್ ಮಾಡಲು ಬರುವುದಿಲ್ಲ ಎಂದರು. ಹರ್ನಿಯಾಗೆ ಒಳಗೆ ಒಂದು ಮೆಶ್ ಹೊಲಿಯುತ್ತಾರೆ. ಅದಕ್ಕೆ ಸೋಂಕು ತಗುಲಿದರೆ ಕಥೆ ಮುಗಿಯಿತು, ಮತ್ತೆ ತೆಗೆಯಬೇಕಾಗಬಹುದು. ಮೂತ್ರ ಪರೀಕ್ಷೆ ಆಯಿತು, ಎದೆಯ ಎಕ್ಸ್‌ರೇ ಆಯಿತು, ಹಲ್ಲು ನೋಡಿದರು. ಜ್ವರವಿಲ್ಲ, ಏನೂ ಇಲ್ಲ. ಒಂದು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ ಎಂದರು.

ಎರಡನೇ ಸಲ ಹೋದಾಗ ಭಯಕ್ಕೆ ಲ್ಯಾಬ್ ಹೊರಗೆ ನಿಂತು ಎರಡು ಸಿಗರೇಟ್ ಬೆನ್ನುಬೆನ್ನಿಗೆ ಸೇದಿದೆ. ಆಮೇಲೆ ಲಿಫ್ಟ್‌ಗೆ ಕಾಯದೆ ಮೂರು ಮಹಡಿ ಹತ್ತಿದೆ. ಬಂದದ್ದು 14,600. ಇದು ಏಕೆ ಏರಿತು ಎಂದು ನಂತರ ತಿಳಿಯಿತು. ರಕ್ತನಾಳದ ಗೋಡೆಗೆ ಅಂಟಿಕೊಂಡು ಕೂತ ಬಿಳಿ ಕಣಗಳು ಯಾವಾಗಲೂ ಇರುತ್ತವೆ. ಟೆಸ್ಟ್‌ನಲ್ಲಿ ಅವು ಲೆಕ್ಕಕ್ಕೆ ಬರುವುದಿಲ್ಲ. ನಿಕೋಟಿನ್ ಅಡ್ರಿನಲಿನ್ ಸ್ರವಿಸುವಂತೆ ಮಾಡುತ್ತದೆ, ಆಗ ಈ ಕಣಗಳು ಗೋಡೆ ಬಿಟ್ಟು ಹರಿವಿಗೆ ಬರುತ್ತವೆ. ಮೆಟ್ಟಿಲು ಹತ್ತಿದರೂ ಅಷ್ಟೇ, ಹೆದರಿದರೂ ಅಷ್ಟೇ. ನಾನು ಮೂರನ್ನೂ ಒಟ್ಟಿಗೆ ಮಾಡಿದ್ದೆ. ಹಾಗಾಗಿ ಒಂದು ಮಾತು: ಸಿಬಿಸಿಗೆ ರಕ್ತ ಕೊಡುವ ಮುಂಚೆ ಸಿಗರೇಟ್ ಮುಟ್ಟಬೇಡಿ, ಕಾಲು ಗಂಟೆ ಸುಮ್ನೆ ಕೂತಿರಿ.

ಆಪರೇಷನ್ ಡೇಟ್ ರದ್ದಾಯಿತು. ರಕ್ತರೋಗ ತಜ್ಞರ ಹತ್ತಿರ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಅವರ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಎರಡು ವಾರಕ್ಕೆ.

ಆ ಎರಡು ವಾರ ನನ್ನ ಜೀವನದ ಕೆಟ್ಟ ವಾರಗಳು. ಮೊಬೈಲ್‌ನಲ್ಲಿ ‘ಬಿಳಿ ರಕ್ತಕಣ ಜಾಸ್ತಿ’ ಎಂದು ಹಾಕಿದರೆ ಮೊದಲು ಬರುವುದೇ ರಕ್ತದ ಕ್ಯಾನ್ಸರ್. ರಾತ್ರಿ ಎರಡು ಗಂಟೆಗೆ ಎದ್ದು ಕತ್ತು, ಕಂಕುಳು ಒತ್ತಿ ಗಂಟು ಇದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಒತ್ತಿ ಒತ್ತಿ ಅಲ್ಲಿ ನೋವು ಬಂತು, ಆ ನೋವಿಗೆ ಇನ್ನಷ್ಟು ಹೆದರಿದೆ. ಹೆದರಿಕೆಗೆ ಏನು ಮಾಡುತ್ತಿದ್ದೆ? ಬಾಲ್ಕನಿಗೆ ಹೋಗಿ ಸೇದುತ್ತಿದ್ದೆ. ಕಾರಣ ಕೈಯಲ್ಲೇ ಉರಿಯುತ್ತಿತ್ತು, ನಾನು ಕಾಯಿಲೆ ಹುಡುಕುತ್ತಿದ್ದೆ.

ತಜ್ಞರು ಸಮಾಧಾನದ ಮನುಷ್ಯ. ಹೊಟ್ಟೆ ಒತ್ತಿ, ರಕ್ತ ಸೋಸುವ ಗುಲ್ಮ (ಸ್ಪ್ಲೀನ್) ದೊಡ್ಡದಾಗಿದೆಯೇ ನೋಡಿದರು. ಆಗಿರಲಿಲ್ಲ. ಫಾರಂ ನೋಡಿ, “ಸ್ಮೋಕಿಂಗ್ ಇಲ್ಲ ಅಲ್ವಾ?” ಎಂದು ಕೇಳಿದರು. ಹೆಂಡತಿ ಪಕ್ಕದ ಕುರ್ಚಿಯಲ್ಲಿದ್ದಳು. “ಇಲ್ಲ ಡಾಕ್ಟ್ರೇ” ಎಂದೆ. ಅವರು ತಲೆಯಾಡಿಸಿ ಎರಡು ಟೆಸ್ಟ್ ಬರೆದರು.

ಒಂದು ಪೆರಿಫೆರಲ್ ಸ್ಮಿಯರ್. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಂದ ನೋಡುವುದು. ಇದು ಅಗ್ಗ, ಮರುದಿನವೇ ಬರುತ್ತದೆ. ಇನ್ನೊಂದು ಬಿಸಿಆರ್-ಎಬಿಎಲ್ ಎಂಬ ಜೀನ್ ಪರೀಕ್ಷೆ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಈ ಜೀನ್ ಹುಟ್ಟುತ್ತದೆ. ಅದಿಲ್ಲ ಎಂದು ಖಚಿತಪಡಿಸಿಕೊಳ್ಳಲು ಈ ಟೆಸ್ಟ್. ಸಿಬಿಸಿಯ ಬಿಲ್ಲಿಗೂ ಇದರ ಬಿಲ್ಲಿಗೂ ಹೋಲಿಕೆಯೇ ಇಲ್ಲ. ನನ್ನ ಎರಡು ತಿಂಗಳ ಸಿಗರೇಟ್ ಖರ್ಚು ಒಂದೇ ರಸೀದಿಯಲ್ಲಿ ಹೋಯಿತು. ರಿಪೋರ್ಟ್‌ಗೆ ಒಂಬತ್ತು ದಿನ ಎಂದರು, ಹನ್ನೊಂದು ದಿನ ಆಯಿತು. ದಿನಾ ಬೆಳಿಗ್ಗೆ ಲ್ಯಾಬ್‌ಗೆ ಫೋನ್ ಮಾಡಿ ಬೈಸಿಕೊಂಡೆ.

ಸ್ಮಿಯರ್‌ನಲ್ಲಿ ಬಲಿತ ನ್ಯೂಟ್ರೋಫಿಲ್‌ಗಳೇ ತುಂಬಿದ್ದವು, ಅಲ್ಲೊಂದು ಇಲ್ಲೊಂದು ಬ್ಯಾಂಡ್ ಕಣ. ಬ್ಯಾಂಡ್ ಅಂದರೆ ಪೂರ್ತಿ ಬಲಿಯುವ ಮುಂಚೆಯೇ, ರಕ್ತಕಣ ತಯಾರಾಗುವ ಮೂಳೆಮಜ್ಜೆ ಬಿಟ್ಟು ಬಂದ ಎಳೆಯ ಕಣ. ಕ್ಯಾನ್ಸರ್ ಕಣ ಇರಲಿಲ್ಲ. ಜೀನ್ ಪರೀಕ್ಷೆಯೂ ನೆಗೆಟಿವ್.

ರಿಪೋರ್ಟ್ ತೋರಿಸಲು ಒಬ್ಬನೇ ಹೋದೆ. ಹೆಂಡತಿಗೆ ಅವತ್ತು ರಜೆ ಸಿಕ್ಕಿರಲಿಲ್ಲ. ಡಾಕ್ಟರು ಹಾಳೆ ಓದಿದರು. ಆಮೇಲೆ ಹಾಳೆ ಬಿಟ್ಟು ನನ್ನ ಕೈ ನೋಡತೊಡಗಿದರು. ನನಗೆ ಗೊತ್ತಿಲ್ಲದೆ ಬಲಗೈ ಮಡಿಸಿ ಬೆರಳು ಒಳಗೆ ಎಳೆದುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ತೋರುಬೆರಳು, ನಡುಬೆರಳಿನ ನಡುವೆ ಹಳದಿ ಕಲೆ ಇತ್ತು.

“ದಿನಕ್ಕೆ ಎಷ್ಟು?” ಎಂದರು.

“ಹದಿನೈದು, ಸಾರ್.”

ಅವರು ಬೈಯಲಿಲ್ಲ. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮೊದಲ ದಿನವೇ ಹೇಳಿದ್ದರೆ ಸ್ಮಿಯರ್ ಒಂದನ್ನೇ ನೋಡಿ, ಸಿಗರೇಟ್ ಬಿಡಿಸಿ, ಎರಡು ತಿಂಗಳು ಬಿಟ್ಟು ಬನ್ನಿ ಅನ್ನುತ್ತಿದ್ದೆ. ಈ ಇನ್ನೊಂದು ಟೆಸ್ಟ್ ಬರೆಯುತ್ತಲೇ ಇರಲಿಲ್ಲವೇನೋ” ಎಂದರು. ಬೈದಿದ್ದರೆ ವಾಸಿಯಿತ್ತು.

ಅವತ್ತು ಅವರು ಹೇಳಿದ್ದು, ಆಮೇಲೆ ನಾನು ಓದಿಕೊಂಡದ್ದು ಎರಡನ್ನೂ ಸೇರಿಸಿ ಬರೆಯುತ್ತೇನೆ. ಇಷ್ಟು ವರ್ಷ ಶ್ವಾಸಕೋಶ, ಕ್ಯಾನ್ಸರ್ ಅಂತಷ್ಟೇ ಕೇಳಿದ್ದೆ. ರಕ್ತದೊಳಗೆ ದಿನವೂ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಹೊಗೆ ಒಳಗೆ ಹೋದಾಗ ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕೂತಿರುವ ಮ್ಯಾಕ್ರೋಫೇಜ್ ಎಂಬ ಕಣಗಳು ಆ ಮಸಿಯನ್ನು ನುಂಗುತ್ತವೆ. ಅವುಗಳ ಕೆಲಸವೇ ಕಸ ಗುಡಿಸುವುದು. ಸೇದುವವರಲ್ಲಿ ಇವುಗಳ ಸಂಖ್ಯೆ ಹಲವು ಪಟ್ಟು ಹೆಚ್ಚುತ್ತದೆ, ಒಳಗೆಲ್ಲ ಕಂದು ಬಣ್ಣದ ಚುಕ್ಕೆ ತುಂಬಿಕೊಳ್ಳುತ್ತದೆ. ನುಂಗಿದ ಮೇಲೆ ಅವು ಇಂಟರ್‌ಲ್ಯೂಕಿನ್ ಮುಂತಾದ ರಾಸಾಯನಿಕಗಳನ್ನು ಬಿಟ್ಟು ಮೂಳೆಮಜ್ಜೆಗೆ ಸುದ್ದಿ ಮುಟ್ಟಿಸುತ್ತವೆ: ಇಲ್ಲಿ ಗಲಾಟೆ, ಜನ ಕಳಿಸಿ. ಮಜ್ಜೆ ಕಳಿಸುತ್ತದೆ. ಒಂದು ಗಂಟೆ ಬಿಟ್ಟು ಮತ್ತೆ ಸಿಗರೇಟ್, ಮತ್ತೆ ಸುದ್ದಿ. ಯಾರೋ ಬಾಗಿಲ ಬೆಲ್ ಒತ್ತಿ, ಬೆರಳು ತೆಗೆಯದೆ ಇಪ್ಪತ್ತೆರಡು ವರ್ಷ ನಿಂತ ಹಾಗೆ. ಬಲಿಯದ ಕಣಗಳೂ ಹೊರಗೆ ಬರುವುದು ಇದಕ್ಕೇ. ಹೆಚ್ಚು ಸೇದಿದಷ್ಟೂ ಸಂಖ್ಯೆ ಮೇಲೆ.

“ಹಾಗಾದರೆ ಬಿಳಿ ಕಣ ಜಾಸ್ತಿ ಇದ್ದರೆ ರೋಗ ತಡೆಯುವ ಶಕ್ತಿಯೂ ಜಾಸ್ತಿ ಅಲ್ವಾ?” ಎಂದು ಕೇಳಿದೆ. ಅವರು ನಕ್ಕರು. “ಹಾಗಿದ್ದರೆ ಸೇದುವವರಿಗೆ ಫ್ಲೂ, ನ್ಯುಮೋನಿಯಾ ಕಡಿಮೆ ಬರಬೇಕಿತ್ತು. ಬರುವುದು ಜಾಸ್ತಿ” ಎಂದರು. ತಲೆ ಎಣಿಸಿದರೆ ಜಾಸ್ತಿ, ಕೆಲಸದಲ್ಲಿ ಕಡಿಮೆ. ಸೋಂಕು ತಗುಲಿದ ಕಣಗಳನ್ನು ಕೊಲ್ಲುವ ‘ನ್ಯಾಚುರಲ್ ಕಿಲ್ಲರ್’ ಕಣಗಳು ಸೇದುವವರಲ್ಲಿ ಮಂಕಾಗಿರುತ್ತವೆ. ಸೋಂಕಿನ ವಿರುದ್ಧ ದೇಹ ತಯಾರಿಸುವ ಐಜಿಜಿ ಎಂಬ ಪ್ರತಿಕಾಯ ಕಡಿಮೆ, ಅಲರ್ಜಿಗೆ ಸಂಬಂಧಿಸಿದ ಐಜಿಇ ಜಾಸ್ತಿ. ಇನ್ನು ಬೆಲ್ ಕೇಳಿ ಓಡಿ ಬಂದ ನ್ಯೂಟ್ರೋಫಿಲ್‌ಗಳಿಗೆ ಕೊಲ್ಲಲು ಕೀಟಾಣುವೇ ಇರುವುದಿಲ್ಲ. ತಂದ ಆಯುಧವನ್ನು ಅಲ್ಲೇ ಚೆಲ್ಲುತ್ತವೆ. ಅದರಲ್ಲಿ ಎಲಾಸ್ಟೇಸ್ ಎಂಬ ಕಿಣ್ವ ಶ್ವಾಸಕೋಶದ ಹಿಗ್ಗುವ ನಾರನ್ನೇ ಕತ್ತರಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಹಿಮೋಗ್ಲೋಬಿನ್ ವಿಷಯಕ್ಕೆ ಬಂದರೆ, ನನ್ನ ಖುಷಿ ಅಲ್ಲಿಗೆ ಇಳಿಯಿತು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಮೋಗ್ಲೋಬಿನ್‌ಗೆ ಅಂಟುತ್ತದೆ. ಸೀಟು ಹಿಡಿದು ಕೂತುಬಿಡುತ್ತದೆ. ಆಮ್ಲಜನಕ ಸಾಲುತ್ತಿಲ್ಲ ಎಂದು ದೇಹ ಇನ್ನಷ್ಟು ಕೆಂಪು ಕಣ ತಯಾರಿಸುತ್ತದೆ. 17.4 ಅಂದರೆ ಅದು. ರಕ್ತ ಮಂದವಾಗಿತ್ತು ಅಷ್ಟೇ, ಚೆನ್ನಾಗಿರಲಿಲ್ಲ. ಡಾಕ್ಟರು ಒಂದು ಸಣ್ಣ ಮೀಟರ್‌ಗೆ ಊದಿಸಿದರು. ಉಸಿರಲ್ಲಿ ಕಾರ್ಬನ್ ಮೊನಾಕ್ಸೈಡ್ 22 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 22, ತೋರಿಸಿತು. ಸೇದದವರಲ್ಲಿ ಅದು ಒಂದಂಕಿಯಲ್ಲೇ ಇರುತ್ತದೆ.

ಈಗ ಆ್ಯಂಟಿಆಕ್ಸಿಡೆಂಟ್ ಕಥೆ. ಇಲ್ಲಿ ನಾನು ಎರಡನೇ ಪೆದ್ದುತನ ಮಾಡಿದೆ.

ಒಂದೇ ಒಂದು ದಮ್ಮಿನ ಹೊಗೆಯಲ್ಲಿ 1ರ ಮುಂದೆ 15 ಸೊನ್ನೆ ಹಾಕಿದಷ್ಟು ಫ್ರೀ ರ‍್ಯಾಡಿಕಲ್‌ಗಳಿರುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಸಿಕ್ಕಿದ್ದನ್ನೆಲ್ಲ ಕಚ್ಚುವ ಅಣುಗಳಿವು. ಇವನ್ನು ತಣಿಸಲು ರಕ್ತದಲ್ಲಿ ಮೊದಲು ಖರ್ಚಾಗುವುದು ವಿಟಮಿನ್ ಸಿ. ಜೊತೆಗೆ ವಿಟಮಿನ್ ಇ, ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್. ಹೀಗೆ ತಣಿಸುವ ವಸ್ತುಗಳಿಗೇ ಆ್ಯಂಟಿಆಕ್ಸಿಡೆಂಟ್ ಎನ್ನುವುದು. ವಿಟಮಿನ್ ಇ ಕೊಬ್ಬಿನ ಪೊರೆಗಳನ್ನು ಕಾಯುತ್ತದೆ. ಅದು ಬಳಲಿದಾಗ ವಿಟಮಿನ್ ಸಿ ಅದನ್ನು ಮತ್ತೆ ಚೇತರಿಸಿ ಕಳಿಸುತ್ತದೆ. ಸಿ ಇಲ್ಲದಿದ್ದರೆ ಇ ಕೂಡ ಬೇಗ ಕರಗುತ್ತದೆ. ಒಂದೇ ಥರ ತಿನ್ನುವ ಇಬ್ಬರಲ್ಲಿ ಸೇದುವವನ ರಕ್ತದಲ್ಲಿ ವಿಟಮಿನ್ ಸಿ ಕಡಿಮೆ ಇರುತ್ತದೆ. 1981ರಲ್ಲೇ ಅಳೆದು ನೋಡಿದ್ದಾರೆ: ಸೇದುವವರ ದೇಹದಲ್ಲಿ ಅದು ಸುಮಾರು 40% ಜಾಸ್ತಿ ವೇಗದಲ್ಲಿ ಖರ್ಚಾಗುತ್ತದೆ. ಅದಕ್ಕೇ ಅಮೆರಿಕದ ಶಿಫಾರಸಿನಲ್ಲಿ ಗಂಡಸರಿಗೆ ದಿನಕ್ಕೆ 90 ಮಿಲಿಗ್ರಾಂ, ಹೆಂಗಸರಿಗೆ 75, ಸೇದುವವರಿಗೆ ಅದರ ಮೇಲೆ ಇನ್ನೂ 35 ಎಂದಿದೆ.

ನನಗೆ ತೀರಾ ಹೊಸದೆನಿಸಿದ್ದು ಇದು: ಬಿಳಿ ರಕ್ತಕಣಗಳು ತಮ್ಮೊಳಗೆ ವಿಟಮಿನ್ ಸಿ ಅನ್ನು ಸುತ್ತಲಿನ ರಕ್ತದ್ರವಕ್ಕಿಂತ 50ರಿಂದ 100 ಪಟ್ಟು ತುಂಬಿಟ್ಟುಕೊಳ್ಳುತ್ತವೆ. ಕೀಟಾಣುವಿನ ಮೇಲೆ ಎರಚುವ ವಿಷ ತಮಗೇ ತಾಗದಿರಲಿ ಎಂದು. ಸೇದುವವರಲ್ಲಿ ಕಣಗಳೊಳಗಿನ ಈ ದಾಸ್ತಾನೂ ಕಡಿಮೆ. ಅಂದರೆ ಕಣ ಜಾಸ್ತಿ, ಪ್ರತಿಯೊಂದರ ಬುತ್ತಿ ಕಡಿಮೆ. ಆ ಜಾಸ್ತಿ ಕಣಗಳು ಚೆಲ್ಲಿದ ವಿಷಕ್ಕೂ ಮತ್ತೆ ವಿಟಮಿನ್ ಸಿ ಖರ್ಚು. ಒಂದರ ಬಾಲ ಒಂದು ಹಿಡಿದು ಸುತ್ತುತ್ತದೆ.

ಇದೆಲ್ಲ ಕೇಳಿದವನು ಏನು ಮಾಡಬೇಕು? ಸಿಗರೇಟ್ ಬಿಡಬೇಕು. ನಾನು ಮೆಡಿಕಲ್ ಶಾಪ್‌ಗೆ ಹೋಗಿ ಆ್ಯಂಟಿಆಕ್ಸಿಡೆಂಟ್ ಮಾತ್ರೆಯ ದೊಡ್ಡ ಡಬ್ಬ ತಂದೆ. ಬೀಟಾ ಕ್ಯಾರೋಟಿನ್, ವಿಟಮಿನ್ ಇ, ಸೆಲೆನಿಯಂ, ಎಲ್ಲ ಒಂದರಲ್ಲೇ. ಒಳಗೆ ಲೆಕ್ಕಾಚಾರ ಸರಳ: ಹೊಗೆ ಕಳೆದದ್ದನ್ನು ಮಾತ್ರೆ ತುಂಬಿಕೊಡುತ್ತದೆ, ಜೊತೆಗೆ ದಿನಕ್ಕೆ ಎಂಟಕ್ಕೆ ಇಳಿಸಿದರೆ ಸಾಕು. ಮೂರು ದಿನ ನುಂಗಿದೆ. ನಾಲ್ಕನೇ ದಿನ ಯಾಕೋ ಅನುಮಾನ ಬಂದು ಡಬ್ಬದ ಫೋಟೋ ಡಾಕ್ಟರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಅವರೇ ಫೋನ್ ಮಾಡಿದರು. “ಅದನ್ನು ಇವತ್ತೇ ನಿಲ್ಲಿಸಿ.”

ಕಾರಣ ಕೇಳಿ ಕೂದಲು ನೆಟ್ಟಗಾಯಿತು. ಫಿನ್‌ಲ್ಯಾಂಡ್‌ನಲ್ಲಿ ಸಿಗರೇಟ್ ಸೇದುವ 29,133 ಗಂಡಸರ ಮೇಲೆ ಒಂದು ದೊಡ್ಡ ಪರೀಕ್ಷೆ ಮಾಡಿದ್ದರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಸುಮ್ನೆ ಖಾಲಿ ಮಾತ್ರೆ. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂಬ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಆ ಕ್ಯಾನ್ಸರ್ 18% ಜಾಸ್ತಿ ಆಗಿತ್ತು. ವಿಟಮಿನ್ ಇ ಅದನ್ನು ತಡೆಯಲಿಲ್ಲ. ಅಮೆರಿಕದಲ್ಲಿ ಸೇದುವವರು, ಸೇದಿ ಬಿಟ್ಟವರು, ಆಸ್ಬೆಸ್ಟಾಸ್ ನಡುವೆ ಕೆಲಸ ಮಾಡಿದವರು ಸೇರಿ 18,314 ಜನರ ಇನ್ನೊಂದು ಪರೀಕ್ಷೆಯಲ್ಲಿ ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೊಟ್ಟರು. ಅಲ್ಲಿ 28% ಜಾಸ್ತಿ. 1996ರಲ್ಲಿ ಅದನ್ನು ಅವಧಿಗೆ 21 ತಿಂಗಳು ಮುಂಚೆಯೇ ನಿಲ್ಲಿಸಿಬಿಟ್ಟರು. ಹಣ್ಣು, ತರಕಾರಿಯಲ್ಲಿ ಬರುವ ಕ್ಯಾರೋಟಿನ್‌ಗೆ ಈ ಭಯವಿಲ್ಲ. ಹೊಗೆ ತುಂಬಿದ ಶ್ವಾಸಕೋಶಕ್ಕೆ ಮಾತ್ರೆಯಲ್ಲಿ ಸುರಿದ ದೊಡ್ಡ ಪ್ರಮಾಣವೇ ತೊಂದರೆ. ಸೇದುವವರು ಯಾರಾದರೂ ಮಾತ್ರೆ ಕೊಳ್ಳುವ ಯೋಚನೆಯಲ್ಲಿದ್ದರೆ, ಡಬ್ಬದ ಹಿಂದೆ ‘ಬೀಟಾ ಕ್ಯಾರೋಟಿನ್’ ಇದೆಯೇ ಎಂದು ಮೊದಲು ಓದಿ. ನನ್ನ ಡಬ್ಬ ಕಸದ ಬುಟ್ಟಿ ಸೇರಿತು.

ನನ್ನ ವಿಟಮಿನ್ ಸಿ ಎಷ್ಟಿದೆ ಎಂದು ತಿಳಿಯುವ ಹಟ ಮಾತ್ರ ಹೋಗಲಿಲ್ಲ. ಅಗತ್ಯವಿಲ್ಲ ಎಂದೇ ಡಾಕ್ಟರು ಹೇಳಿದರು, ನಾನೇ ಕೇಳಿ ಬರೆಸಿಕೊಂಡೆ. ಇದು ಎಲ್ಲ ಲ್ಯಾಬ್‌ನಲ್ಲೂ ಮಾಡುವ ಟೆಸ್ಟ್ ಅಲ್ಲ. ವಿಟಮಿನ್ ಸಿ ಗಾಳಿ, ಬೆಳಕು, ಶಾಖ ತಾಗಿದರೆ ನಾಶವಾಗುತ್ತದೆ. ರಕ್ತ ತೆಗೆದ ತಕ್ಷಣ ಟ್ಯೂಬನ್ನು ಬೆಳಕು ಬೀಳದಂತೆ ಸುತ್ತಿ, ಐಸ್ ಮೇಲಿಟ್ಟು, ಬೇಗನೆ ಯಂತ್ರದಲ್ಲಿ ಗಿರಗಿರ ತಿರುಗಿಸಿ ದ್ರವ ಬೇರ್ಪಡಿಸಬೇಕು. ನಾನು ಹೋದ ಮೊದಲ ಲ್ಯಾಬ್‌ನಲ್ಲಿ ಹುಡುಗ ರಕ್ತ ತೆಗೆದು ಟ್ಯೂಬನ್ನು ಕಿಟಕಿ ಪಕ್ಕದ ಸ್ಟ್ಯಾಂಡ್‌ನಲ್ಲಿಟ್ಟು ಮುಂದಿನವರನ್ನು ಕರೆದ. ನನಗೆ ಆಗ ಇದೆಲ್ಲ ಗೊತ್ತಿರಲಿಲ್ಲ. ರಿಪೋರ್ಟ್ ಬಂತು: ಡೆಸಿಲೀಟರ್‌ಗೆ 0.1 ಮಿಲಿಗ್ರಾಂ. 0.2ಕ್ಕಿಂತ ಕಡಿಮೆ ಅಂದರೆ ಸ್ಕರ್ವಿ ಬರುವ ಮಟ್ಟ, ವಿಟಮಿನ್ ಸಿ ಇಲ್ಲದೆ ಒಸಡಲ್ಲಿ ರಕ್ತ ಬರುವ ಕಾಯಿಲೆ ಅದು. ಕನ್ನಡಿ ಮುಂದೆ ನಿಂತು ಒಸಡು ಒತ್ತಿ ಒತ್ತಿ ರಕ್ತ ಬರುತ್ತದೆಯೇ ನೋಡಿದೆ. ಡಾಕ್ಟರು ರಿಪೋರ್ಟ್ ನಂಬಲಿಲ್ಲ. ಬೇರೆ ಲ್ಯಾಬ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಐಸ್ ಇದೆಯೇ ಎಂದು ಮೊದಲೇ ಕೇಳಿ, ಮತ್ತೆ ಕೊಟ್ಟೆ. ಈ ಸಲ 0.3. ಸ್ಕರ್ವಿ ಅಲ್ಲ, ಆದರೆ ಕೊರತೆಯ ಅಂಚು. ಚೆನ್ನಾಗಿ ತಿನ್ನುವ, ಸೇದದ ಮನುಷ್ಯನಲ್ಲಿ 0.9ರ ಆಸುಪಾಸು ಇರುತ್ತದೆ.

ಈಗ ಕೇಳಿದರೆ, ಈ ಟೆಸ್ಟ್‌ಗೆ ದುಡ್ಡು ಸುರಿಯಬೇಡಿ ಅನ್ನುತ್ತೇನೆ. ಸೇದುತ್ತಿದ್ದರೆ ಕಡಿಮೆ ಇರುವ ಸಂಭವವೇ ಜಾಸ್ತಿ. ಗೊತ್ತಾದ ಮೇಲೂ ಮಾಡಬೇಕಾದ ಕೆಲಸ ಅದೇ.

ಆ ರಾತ್ರಿ ಹೆಂಡತಿಗೆ ಹೇಳಿದೆ. ಅರ್ಧ ಗಂಟೆ ಮಾತು ಕಟ್ಟಿಕೊಂಡು ಶುರು ಮಾಡಿದ್ದೆ. ಅವಳು ಬಟ್ಟೆ ಮಡಿಸುತ್ತಲೇ, “ಬಾಲ್ಕನಿಯ ಕುಂಡದ ಮಣ್ಣಲ್ಲಿ ತುಂಡು ಹೂಳ್ತೀರಲ್ಲ ರೀ, ಗಿಡಕ್ಕೆ ನೀರು ಹಾಕೋದು ನಾನೇ ಅಲ್ವಾ” ಎಂದಳು. ಅಷ್ಟೇ. ಫಾರಂ ತುಂಬುವಾಗಲೂ ಅವಳಿಗೆ ಗೊತ್ತಿತ್ತು. ನಾನೇ ಹೇಳಲಿ ಎಂದು ಕಾದಿದ್ದಳಂತೆ. ಜೀನ್ ಟೆಸ್ಟ್‌ನ ಬಿಲ್ ಬಂದ ದಿನ ಹೇಳಿಬಿಡಬೇಕು ಅನ್ನಿಸಿತ್ತಂತೆ.

ಆರನೇ ವಾರದ ಸೋಮವಾರ ನಿಲ್ಲಿಸಿದೆ. ಸರ್ಜನ್ ಕೂಡ ಆಪರೇಷನ್‌ಗೆ ಮುಂಚೆ ಕನಿಷ್ಠ ನಾಲ್ಕು ವಾರ ಸಿಗರೇಟ್ ಇರಬಾರದು ಎಂದಿದ್ದರು. ಸೇದುವವರ ಗಾಯ ನಿಧಾನ ಕೂಡುತ್ತದೆ, ಸೋಂಕು ಜಾಸ್ತಿ. ಗಾಯ ಕೂಡಿಸುವ ಕೊಲಾಜೆನ್ ಹೆಣೆಯಲು ಬೇಕಾದದ್ದು ಮತ್ತೆ ಅದೇ ವಿಟಮಿನ್ ಸಿ.

ಡಾಕ್ಟರು ನಿಕೋಟಿನ್ ಚೂಯಿಂಗ್ ಗಮ್ ಬರೆದುಕೊಟ್ಟರು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಬೇಕೆನಿಸುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2. ನಾನು ಕಣ್ಣು ಬಿಡುವ ಮುಂಚೆಯ ಗಿರಾಕಿ, 4 ಕೊಟ್ಟರು. ಮೊದಲ ದಿನ ಸಾಮಾನ್ಯ ಗಮ್ ಥರ ಅಗಿದು ಬಿಕ್ಕಳಿಕೆ, ಹೊಟ್ಟೆ ತೊಳೆಸು. ಅದನ್ನು ನಾಲ್ಕಾರು ಸಲ ಅಗಿದು, ಖಾರ ಬಂದ ಕೂಡಲೇ ಕೆನ್ನೆಯ ಸಂದಿಗೆ ಒತ್ತಿಡಬೇಕು. ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. ನುಂಗುವ ಉಗುಳಲ್ಲಿ ನಿಕೋಟಿನ್ ವ್ಯರ್ಥ.

ಎರಡನೇ, ಮೂರನೇ ದಿನ ನರಕ. ಚಪ್ಪಲಿ ಸಿಗಲಿಲ್ಲ ಎಂದು ಅತ್ತುಬಿಟ್ಟೆ, ನಿಜವಾಗಿ. ಜೊತೆಗೆ ಎದೆ ಡವಗುಟ್ಟುವುದು, ಕೈ ನಡುಗುವುದು. ಇದು ಸಿಗರೇಟ್ ಬಿಟ್ಟದ್ದಕ್ಕೆ ಎಂದುಕೊಂಡಿದ್ದೆ. ಅರ್ಧ ಕಾರಣ ಕಾಫಿ. ಹೊಗೆಯಲ್ಲಿರುವ ರಾಸಾಯನಿಕಗಳು ಲಿವರ್‌ಗೆ ಕೆಫೀನನ್ನು ಬೇಗ ಒಡೆಯುವಂತೆ ಮಾಡಿರುತ್ತವೆ. ಹೊಗೆ ನಿಂತಾಗ ಅದೇ ಎರಡು ಲೋಟ ಕಾಫಿ ರಕ್ತದಲ್ಲಿ ನಾಲ್ಕು ಲೋಟದಷ್ಟು ಕೆಲಸ ಮಾಡುತ್ತದೆ. ಕಾಫಿ ಅರ್ಧಕ್ಕಿಳಿಸಿದೆ, ಎರಡು ದಿನದಲ್ಲಿ ನಡುಕ ಹೋಯಿತು. ಈ ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ಎರಡು ರಾತ್ರಿ ನಿದ್ದೆ ಮಾಡುತ್ತಿದ್ದೆ. ಬಾಯಲ್ಲಿ ಹುಣ್ಣಾದವು, ಮಲಬದ್ಧತೆ ಆಯಿತು, ಕೆಮ್ಮು ಮೊದಲಿಗಿಂತ ಜಾಸ್ತಿಯಾಯಿತು. ಮೂರೂ ಮಾಮೂಲು, ಎರಡು ಮೂರು ವಾರದಲ್ಲಿ ಇಳಿದವು.

ಹನ್ನೊಂದನೇ ದಿನ ಒಂದು ಸೇದಿದೆ. ಮದುವೆ ಮನೆಯೂ ಅಲ್ಲ, ಸಾವಿನ ಮನೆಯೂ ಅಲ್ಲ. ಸಹೋದ್ಯೋಗಿ ಪ್ಯಾಕ್ ಚಾಚಿದ, ಕೈ ಹೋಯಿತು. ಡಾಕ್ಟರಿಗೆ ಹೇಳಿದೆ. ಈ ಸಲ ಸುಳ್ಳು ಹೇಳಲಿಲ್ಲ. “ಮತ್ತೆ ಒಂದನೇ ದಿನದಿಂದ ಎಣಿಸಬೇಡಿ, ಹನ್ನೆರಡನೇ ದಿನ ಅಂತಲೇ ಎಣಿಸಿ” ಎಂದರು. ಆಮೇಲೆ ಸೇದಿಲ್ಲ.

ಕಾರ್ಬನ್ ಮೊನಾಕ್ಸೈಡ್ ಎಲ್ಲಕ್ಕಿಂತ ಬೇಗ ಹೋಗುತ್ತದೆ, ಪ್ರತಿ ನಾಲ್ಕೈದು ಗಂಟೆಗೆ ಅರ್ಧ. ಮುಂದಿನ ಭೇಟಿಯಲ್ಲಿ ಮೀಟರ್‌ಗೆ ಊದಿದಾಗ 3 ತೋರಿಸಿತು. ಬಿಳಿ ಕಣದ ವಿಷಯದಲ್ಲಿ ಅಷ್ಟು ಬೇಗ ಆಗುವುದಿಲ್ಲ. ನ್ಯೂಟ್ರೋಫಿಲ್ ರಕ್ತದಲ್ಲಿ ಸುತ್ತುವುದೇ ಒಂದು ದಿನದೊಳಗೆ, ಹಾಗಿದ್ದ ಮೇಲೆ ಒಂದೇ ವಾರದಲ್ಲಿ ಇಳಿಯಬೇಕಲ್ಲ ಎಂದು ಕೇಳಿದ್ದೆ. ಕಣ ಸಾಯುತ್ತದೆ, ಆದರೆ ಶ್ವಾಸಕೋಶದಲ್ಲಿ ಉರಿಯೂತ ಇರುವಷ್ಟು ದಿನ ಕರೆ ನಿಲ್ಲುವುದಿಲ್ಲ ಎಂದರು. ಬಿಟ್ಟು ನಾಲ್ಕು ವಾರಕ್ಕೆ 11,400 ಬಂತು. ಸರ್ಜನ್ ಸಾಕು ಎಂದರು, ಆದರೆ ಆಪರೇಷನ್ ಡೇಟ್ ಖಾಲಿ ಇದ್ದದ್ದು ಇನ್ನೂ ಒಂದು ತಿಂಗಳ ನಂತರ. ಎಂಟು ವಾರಕ್ಕೆ ಮಾಡಿಸಿದಾಗ 9,700. ಹಿಮೋಗ್ಲೋಬಿನ್ 16.1ಕ್ಕೆ ಇಳಿದಿತ್ತು. ಕೆಂಪು ಕಣದ ಆಯಸ್ಸು 120 ದಿನ, ಅದು ನಿಧಾನವೇ.

ಅದೇ ದಿನ ವಿಟಮಿನ್ ಸಿ ಕೂಡ ನೋಡಿಸಿದೆ. ಬೇಡ ಅಂತ ಮೇಲೆ ನಾನೇ ಬರೆದಿದ್ದೇನೆ, ಗೊತ್ತು. 0.8 ಬಂತು. ಇದರಲ್ಲಿ ಸಿಗರೇಟ್ ಬಿಟ್ಟದ್ದರ ಪಾಲೆಷ್ಟು, ಬಾಯಿ ಸುಮ್ಮನಿರದೆ ದಿನಾ ತಿಂದ ಕಿತ್ತಳೆ, ಸೀಬೆಹಣ್ಣಿನ ಪಾಲೆಷ್ಟು, ಬೇರ್ಪಡಿಸಿ ಹೇಳಲು ಬರುವುದಿಲ್ಲ. ತೂಕ ಮೂರೂವರೆ ಕಿಲೋ ಏರಿದೆ.

ಎಲ್ಲವೂ ಹಿಂದಿನ ಹಾಗಾಯಿತೇ ಎಂದು ಕೊನೆಯ ಭೇಟಿಯಲ್ಲಿ ಕೇಳಿದೆ. ಡಾಕ್ಟರು 2024ರ ಒಂದು ಫ್ರೆಂಚ್ ಅಧ್ಯಯನದ ಬಗ್ಗೆ ಹೇಳಿದರು. ಸಾವಿರ ಆರೋಗ್ಯವಂತ ಜನರ ರಕ್ತ ನೋಡಿದ್ದರು. ಸಿಗರೇಟ್ ಬಿಟ್ಟ ಮೇಲೆ ಉರಿಯೂತದ ಪ್ರತಿಕ್ರಿಯೆ ಬೇಗ ಸರಿಹೋಗುತ್ತದೆ. ಆದರೆ ಹಳೆಯ ಸೋಂಕುಗಳನ್ನು ನೆನಪಿಟ್ಟುಕೊಳ್ಳುವ ಟಿ ಕಣಗಳ ಕಡೆಯ ಪ್ರತಿಕ್ರಿಯೆಯಲ್ಲಿ ಗುರುತು ವರ್ಷಗಟ್ಟಲೆ ಉಳಿದಿತ್ತು. ಎಷ್ಟು ವರ್ಷ ಸೇದಿದ್ದರು ಎಂಬುದರ ಮೇಲೆ ಅದು ನಿಂತಿದೆ. ಕೇಳಿ ಸ್ವಲ್ಪ ಹೊತ್ತು ಸಪ್ಪಗಾದೆ. ಆರು ತಿಂಗಳಿಗೆ ಒಂದು ಸಿಬಿಸಿ ಮಾಡಿಸಿ, ಬೇರೇನೂ ಬೇಡ ಎಂದರು. ಎಲ್ಲ ರಿಪೋರ್ಟ್ ಒಂದೇ ಫೈಲಿನಲ್ಲಿ ತಾರೀಕಿನ ಪ್ರಕಾರ ಇಟ್ಟುಕೊಳ್ಳಿ. ಒಂದು ಸಂಖ್ಯೆಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನೇ ಡಾಕ್ಟರುಗಳು ಮೊದಲು ನೋಡುತ್ತಾರೆ.

ಆಪರೇಷನ್ ದಿನ ಅರಿವಳಿಕೆ ಡಾಕ್ಟರು ಮತ್ತೆ ಅದೇ ಫಾರಂ ಹಿಡಿದು ಬಂದರು. ಅದರಲ್ಲಿ ‘ಹಿಂದೆ ಸೇದುತ್ತಿದ್ದೆ’ ಎಂಬ ಜಾಗವೇ ಇಲ್ಲ. ‘ಹೌದು’ ಎಂಬಲ್ಲಿ ಟಿಕ್ ಹಾಕಿ ಪಕ್ಕದಲ್ಲಿ ಬರೆದೆ: 22 ವರ್ಷ, ದಿನಕ್ಕೆ 15, ಬಿಟ್ಟು ಒಂಬತ್ತು ವಾರ.

ಗುರುವಾರ ಹೊಲಿಗೆ ತೆಗೆಸಲು ಹೋಗಬೇಕು. ಕೆಮ್ಮು ಬಂದಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲು ಹೇಳಿದ್ದಾರೆ. ದಿಂಬು ಪಕ್ಕದಲ್ಲೇ ಇದೆ. ಇವತ್ತು ಬೆಳಿಗ್ಗೆಯಿಂದ ಎರಡೇ ಸಲ ಬೇಕಾಯಿತು.